ಹೇಳೋ ಹಾಗಿಲ್ಲ

ವಾಚಣ್ಣನ ಬಾಯಲ್ಲಿ ಮಾತು ನಿಲ್ಲುವುದಿಲ್ಲ ಎಂಬುದು ಆ ಬೀದಿಯಲ್ಲಿ ಎಲ್ಲರಿಗೂ ಗೊತ್ತಿತ್ತು. ಗೊತ್ತಿಲ್ಲದವರು ಯಾರಾದರೂ ಉಳಿದಿದ್ದರೆ ಅವರನ್ನು ನಿಲ್ಲಿಸಿ ವಾಚಣ್ಣನೇ ಹೇಳಿರುತ್ತಿದ್ದ.

ಅವನು ಬಹಳ ವರ್ಷ ಕೈಗಡಿಯಾರದ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದ. ಹೆಸರು ಅಲ್ಲಿಂದ ಅಂಟಿಕೊಂಡದ್ದು. ಬ್ಯಾಟರಿ ಬದಲಾಯಿಸಲು ಬಂದವರು, ಅವನು ಹಿಂದಿನ ಮುಚ್ಚಳ ತೆಗೆದು ಮತ್ತೆ ಹಾಕುವಷ್ಟರಲ್ಲಿ, ಬೀದಿಯ ಅರ್ಧ ಸಂಸಾರಗಳ ಸಮಾಚಾರ ತಿಳಿದುಕೊಂಡು ಹೋಗುತ್ತಿದ್ದರು. ಒಮ್ಮೆ ಗಿರಾಕಿಯೊಬ್ಬ ಹೆಂಗಸರ ವಾಚೊಂದನ್ನು ಗುಟ್ಟಾಗಿ ಕೊಂಡು ಹೋದ. ವಾಚಣ್ಣ ಅದೇ ಸಂಜೆ ಅವನ ಹೆಂಡತಿಯನ್ನು ದಾರಿಯಲ್ಲಿ ತಡೆದು, "ಪಟ್ಟಿ ಸಡಿಲ ಆದ್ರೆ ತಂದ್ಬಿಡಿ, ಒಂದು ಕೊಂಡಿ ತೆಗೆದು ಕೊಡ್ತೀನಿ" ಎಂದು ಉಪಕಾರದ ಮಾತಾಡಿದ. ಆಕೆಗೆ ವಾಚು ಇನ್ನೂ ಸಿಕ್ಕಿರಲಿಲ್ಲ. ಅದು ಸಿಗಬೇಕಾದದ್ದು ಆಕೆಗಲ್ಲ ಎಂಬುದು ಆಮೇಲೆ ಗೊತ್ತಾಗಿ ದೊಡ್ಡ ರಾದ್ಧಾಂತವಾಯಿತು. ಜನ ಫೋನಿನಲ್ಲೇ ಗಂಟೆ ನೋಡಿಕೊಳ್ಳಲು ಶುರುಮಾಡಿದ್ದರಿಂದ ಅಂಗಡಿ ಮುಚ್ಚಬೇಕಾಯಿತೆಂದು ಅದರ ಯಜಮಾನ ಹೇಳಿದ. ಬೀದಿಯವರ ಅಭಿಪ್ರಾಯ ಬೇರೆಯಿತ್ತು.

ಕೆಲಸ ಹೋದ ಮೇಲೆ ವಾಚಣ್ಣ ಮನೆಯಲ್ಲೇ ಕೂತು ಹೆಂಡತಿಯ ಹೊಲಿಗೆ ಯಂತ್ರದ ಪಕ್ಕ ಮಾತಾಡತೊಡಗಿದ. ಹೆಂಡತಿ ಶಾಲಾ ಸಮವಸ್ತ್ರ ಹೊಲಿಯುತ್ತಿದ್ದಳು. ಒಂದು ವಾರದಲ್ಲಿ ಮೂರು ಪ್ಯಾಂಟಿಗೆ ಜೇಬು ಒಳಗಿರುವ ಬದಲು ಹೊರಗೆ ಹೊಲಿದುಹೋಯಿತು. ಮೂರನೆಯದು ಆದ ದಿನವೇ ಅವಳು ಎಲ್ಲಿಂದಲೋ ಒಂದು ಕರಪತ್ರ ತಂದು ಅವನ ಮುಂದಿಟ್ಟಳು. ಆರೋಗ್ಯ ಮಾಹಿತಿ ನಿರ್ವಹಣೆಯ ತರಬೇತಿ, ದೊಡ್ಡಾಸ್ಪತ್ರೆಯ ದಾಖಲೆ ವಿಭಾಗದಲ್ಲಿ ಅಭ್ಯಾಸ, ವಯಸ್ಸಿನ ಮಿತಿಯಿಲ್ಲ.

"ಮಾಹಿತಿ ಅಂದ್ರೆ ನನಗೆ ಯಾರಾದ್ರೂ ಹೇಳಿಕೊಡಬೇಕಾ?" ಎಂದ ವಾಚಣ್ಣ, ಕರಪತ್ರ ತಿರುಗಿಸಿ ನೋಡುತ್ತಾ.

"ಅದಕ್ಕೇ ತಂದಿದ್ದು" ಎಂದಳು ಹೆಂಡತಿ. ಇಷ್ಟು ವರ್ಷ ಪುಕ್ಕಟೆ ಮಾಡಿದ ಕೆಲಸಕ್ಕೆ ಸಂಬಳ ಕೊಡುವವರೂ ಇದ್ದಾರೆಂದು ಪಾಪ ಅವಳೂ ನಂಬಿದ್ದಳು.

ತರಬೇತಿಯ ಮೊದಲ ದಿನವೇ ದಾಖಲೆ ವಿಭಾಗದ ಮೇಡಂ ಈ ನಂಬಿಕೆಗೆ ಎಳ್ಳುನೀರು ಬಿಟ್ಟರು. ಮೇಡಂ ಕುಳ್ಳಗಿನ ಹೆಂಗಸು, ಕನ್ನಡಕಕ್ಕೆ ಸರಪಳಿ, ಎಷ್ಟು ಮೆಲ್ಲಗೆ ಮಾತಾಡುತ್ತಿದ್ದರೆಂದರೆ ಇಡೀ ತರಗತಿ ಮುಂದಕ್ಕೆ ಬಾಗಿಯೇ ಪಾಠ ಕೇಳಬೇಕಿತ್ತು.

"ಇಲ್ಲಿ ಕಲಿಯೋದು ಮೂರೇ. ಸರಿಯಾಗಿ ಬರೆಯೋದು, ಸರಿಯಾಗಿ ಇಡೋದು, ಬಾಯಿ ಮುಚ್ಕೊಂಡಿರೋದು. ಮೊದಲ ಎರಡನ್ನ ನಾನು ಕಲಿಸ್ತೀನಿ. ಮೂರನೇದು ನಿಮಗೆ ಬಿಟ್ಟಿದ್ದು."

ಉಳಿದ ವಿದ್ಯಾರ್ಥಿಗಳೆಲ್ಲ ವಾಚಣ್ಣನ ಅರ್ಧ ವಯಸ್ಸಿನವರು, ಅವನ ಪೂರ್ವೇತಿಹಾಸ ಅರಿಯದವರು. ಆದರೂ ಎಲ್ಲರೂ ತನ್ನನ್ನೇ ನೋಡಿದ ಹಾಗೆ ಅವನಿಗೆ ಅನ್ನಿಸಿತು.

ದಾಖಲೆ ವಿಭಾಗ ಇದ್ದದ್ದು ನೆಲಮಾಳಿಗೆಯಲ್ಲಿ. ಛಾವಣಿ ಮುಟ್ಟುವ ಕಪಾಟುಗಳು. ಪ್ರತಿ ಫೈಲಿನ ಅಂಚಿಗೂ ಅದರ ಕೊನೆಯ ಅಂಕಿಗಳಿಗೆ ತಕ್ಕ ಬಣ್ಣದ ಚೀಟಿ. ಒಂದು ಫೈಲು ತಪ್ಪು ಕಪಾಟಿಗೆ ಹೋದರೆ ಆ ಬಣ್ಣಗಳ ಸಾಲಿನಲ್ಲಿ ಅದೊಂದು ಹುಳುಕು ಹಲ್ಲಿನಂತೆ ಎದ್ದು ಕಾಣುತ್ತಿತ್ತು. ಹೊಸಬರಿಗೆ ಫೈಲಿನ ಒಳಗೆ ಇಣುಕುವ ಅಧಿಕಾರವಿಲ್ಲ. ಚೀಟಿ ಅಂಟಿಸುವುದು, ತಳ್ಳುಗಾಡಿಯಲ್ಲಿ ಫೈಲು ಮೇಲಕ್ಕೆ ಕೊಂಡೊಯ್ಯುವುದು, ಕೆಳಕ್ಕೆ ತರುವುದು, ಇಷ್ಟೇ. ವಾಚಣ್ಣ ಹಸಿರಿಗೂ ನೀಲಿಗೂ ವ್ಯತ್ಯಾಸ ತಿಳಿಯದೆ ಮೊದಲ ವಾರ ಒಂದು ಕಪಾಟನ್ನೇ ತೋಟ ಮಾಡಿಟ್ಟ.

ತರಗತಿಯಲ್ಲಿ ಮಾತ್ರ ಪಾಠ ಬಹಳ ಮುಂದೆ ಹೋಗುತ್ತಿತ್ತು. "ಗಾಯ ಅಂತ ಬರೆದ್ರೆ ಸಾಲದು" ಎನ್ನುತ್ತಿದ್ದರು ಮೇಡಂ. "ಹೇಗಾಯ್ತು, ಎಲ್ಲಾಯ್ತು, ಆಗ ಏನು ಮಾಡ್ತಿದ್ರು, ಮೂರೂ ಬೇಕು. ನಾಯಿ ಕಚ್ಚಿದ್ರೆ ಒಂದು ಸಂಕೇತ. ನಾಯಿ ಅಟ್ಟಿಸ್ಕೊಂಡು ಬಂದು ಇವರೇ ಬಿದ್ರೆ ಇನ್ನೊಂದು."

ಮನೆಯಲ್ಲಿ ಹೆಂಡತಿ, "ಅಲ್ಲಿ ನಿಮಗೆ ಏನು ಕೆಲಸ ಕೊಟ್ಟಿದ್ದಾರೆ?" ಎಂದು ಕೇಳಿದಾಗ ವಾಚಣ್ಣ ಎದೆ ಸೆಟೆಸಿ ಹೇಳಿದ್ದು ಹೀಗೆ: "ಇಡೀ ಆಸ್ಪತ್ರೆ ಮಾಹಿತಿ ನನ್ನ ಕೈ ಕೆಳಗೇ ಹಾದುಹೋಗುತ್ತೆ ಕಣೇ." ಇದು ಸುಳ್ಳಲ್ಲ. ತಳ್ಳುಗಾಡಿಯ ಹಿಡಿಯ ಮೇಲೆ ಅವನ ಕೈ, ಅದರ ಕೆಳಗೆ ಮಾಹಿತಿ.

ಇನ್ನು ಮಾಲೀಕರ ವಿಷಯ ಹೇಳಬೇಕು. ವಾಚಣ್ಣನ ಸಂಸಾರ ಬಾಡಿಗೆಗಿದ್ದ ಮನೆಯ ಮಹಡಿಯ ಮೇಲೆ ಅದರ ಮಾಲೀಕರು ಒಬ್ಬರೇ ಇದ್ದರು. ನೀರು ಸರಬರಾಜು ಇಲಾಖೆಯಿಂದ ನಿವೃತ್ತರಾದವರು. ಬೇರೆ ಯಾರಿಗೂ ಎದುರು ನಿಲ್ಲುವ ಧೈರ್ಯವಿಲ್ಲದ ಕಾರಣ ಬೀದಿಯ ನಿವಾಸಿಗಳ ಸಂಘಕ್ಕೆ ಕಾಯಂ ಅಧ್ಯಕ್ಷರು. ಅವರ ಕಾನೂನುಗಳಲ್ಲಿ ಮೊದಲನೆಯದು, ಕೊನೆಯದು, ನಡುವಿನದೂ ಒಂದೇ: ಗೋಡೆಗೆ ಮೊಳೆ ಹೊಡೆಯಬಾರದು. ಹೀಗಾಗಿ ಕೆಳಮನೆಯಲ್ಲಿ ಕ್ಯಾಲೆಂಡರು ಕುರ್ಚಿಯ ಮೇಲೆ ಕೂತಿತ್ತು. ಗೋಡೆ ಗಡಿಯಾರ ಫ್ರಿಜ್ಜಿನ ನೆತ್ತಿಯ ಮೇಲೆ ಮಲಗಿ ಸೂರನ್ನು ನೋಡುತ್ತಿತ್ತು. ವಾಚಣ್ಣನ ಸ್ವರ್ಗಸ್ಥ ಮಾವನವರ ಫೋಟೊ ಹಿಟ್ಟಿನ ಡಬ್ಬಿಗೆ ಒರಗಿ ನಿಂತಿತ್ತು. ಮಗಳ ಜೊತೆಯಲ್ಲೇ ಇದ್ದ ಅತ್ತೆ ಹಿಟ್ಟು ತೆಗೆಯುವಾಗಲೆಲ್ಲ "ಸ್ವಲ್ಪ ಆಚೆ ಸರೀರಿ" ಎನ್ನುತ್ತಿದ್ದರು. ಹೆಂಡತಿ ತರಕಾರಿಯನ್ನು ಸ್ವಲ್ಪ ಜೋರಾಗಿ ಕೊಚ್ಚಿದರೂ ಸಾಕು, ಮಹಡಿಯಿಂದ ಗುಡುಗು ಕೇಳುತ್ತಿತ್ತು: "ಏನದು? ಮೊಳೆ ಹೊಡೀತಿದ್ದೀರಾ?"

ಒಂದು ಮಧ್ಯಾಹ್ನ ವಾಚಣ್ಣ ತಳ್ಳುಗಾಡಿ ನೂಕಿಕೊಂಡು ಹೊರರೋಗಿಗಳ ಪಡಸಾಲೆಯಲ್ಲಿ ಹೋಗುತ್ತಿದ್ದಾಗ, ಬೆಂಚಿನ ಮೇಲೆ ಮಾಲೀಕರು ಕೂತಿರುವುದು ಕಂಡಿತು. ಎಡಗೈ ಪ್ಯಾಂಟಿನ ಜೇಬಿನಲ್ಲಿ, ಬಲಗೈಯಲ್ಲಿ ಪತ್ರಿಕೆ. ವಾಚಣ್ಣನನ್ನು ಕಂಡದ್ದೇ ಪತ್ರಿಕೆ ಮೇಲಕ್ಕೇರಿ ಮಾಲೀಕರು ಮುಳುಗಿದರು.

ಆ ಸಂಜೆ ಅವನು ಬೂಟು ಬಿಚ್ಚುವ ಮೊದಲೇ ಹೇಳಿದ: "ಇವತ್ತು ನಮ್ಮ ಮಾಲೀಕರು ಆಸ್ಪತ್ರೇಲಿದ್ರು."

ಹಾಗೆ ಹೇಳಿದ್ದೇ ಮೊದಲ ಅಪರಾಧ. ಆದರೆ ಆ ಪಾಠ ಇನ್ನೂ ಆಗಿರಲಿಲ್ಲ.

"ಹೌದಾ? ಯಾಕಂತೆ?" ಹೆಂಡತಿಯ ಯಂತ್ರ ನಿಧಾನವಾಯಿತು.

ವಾಚಣ್ಣನಿಗೆ ಯಾಕೆಂದು ಗೊತ್ತಿರಲಿಲ್ಲ. ಗೊತ್ತಿಲ್ಲ ಎಂದರೆ ಅವಳು ಏನು ಕೇಳುತ್ತಾಳೆಂಬುದು ಮಾತ್ರ ಚೆನ್ನಾಗಿ ಗೊತ್ತಿತ್ತು: ಎಲ್ಲಾ ನಿಮ್ಮ ಕೈ ಕೆಳಗೇ ಹಾದುಹೋಗುತ್ತೆ ಅಂದ್ರಲ್ಲ? ಅವನು ಲೋಟ ಎತ್ತಿ ಒಂದು ಗುಟುಕು ಚಹಾ ಕುಡಿದ. ನಾಲಿಗೆ ಸುಟ್ಟಿತು. ಕಣ್ಣಲ್ಲಿ ನೀರು ಬಂತು. ನಿಟ್ಟುಸಿರಿಟ್ಟು ಅಂದ:

"ಹೇಳೋ ಹಾಗಿಲ್ಲ."

ಹೊಲಿಗೆ ಯಂತ್ರ ನಿಂತೇಹೋಯಿತು. ಮದುವೆಯಾದಂದಿನಿಂದ ಈ ಗಂಡಸಿನ ಬಾಯಲ್ಲಿ ಅವಳು ಕೇಳದೆ ಉಳಿದ ಮಾತೆಂದರೆ ಇದೊಂದೇ.

"ನೀವು... ಹೇಳಲ್ವಾ?"

"ಹೇಳೋ ಹಾಗಿಲ್ಲ ಕಣೇ. ನಿಯಮ."

ಒಳಕೋಣೆಯಿಂದ ಅತ್ತೆಯ ನಡುಗುವ ದನಿ ಕೇಳಿತು. "ಅಯ್ಯೋ! ಅಳಿಯಂದಿರೇ ಹೇಳಲ್ಲ ಅಂದ್ರೆ... ಅಷ್ಟು ಮೀರಿಹೋಗಿದೆಯಾ?"

ಮರುದಿನ ಬೆಳಿಗ್ಗೆ ವಾಚಣ್ಣ ಬ್ರೆಡ್ಡು ತರಲು ಹೋದಾಗ ಬೇಕರಿಯಾಕೆ ಅವನ ಸರದಿ ಬರುವ ಮೊದಲೇ ಅವನನ್ನು ಮುಂದಕ್ಕೆ ಕರೆದಳು. ಇದೂ ಹೊಸದು. ಸಾಮಾನ್ಯವಾಗಿ ಅವನನ್ನು ಕಂಡರೆ ಆಕೆಗೆ ಒಲೆಯ ಹತ್ತಿರ ಕೆಲಸ ನೆನಪಾಗುತ್ತಿತ್ತು.

"ಮಾಲೀಕರಿಗೆ ಏನಂತೆ?" ಎಂದಳು, ಬ್ರೆಡ್ಡಿಗೆ ಎರಡು ಬನ್ನು ಸೇರಿಸುತ್ತಾ.

"ಹೇಳೋ ಹಾಗಿಲ್ಲ."

"ನಂಗೊಬ್ಬಳಿಗೆ?"

ವಾಚಣ್ಣ ತಲೆಯಾಡಿಸಿ ಮುಗುಳ್ನಕ್ಕ. ಬನ್ನು ಬಂತಲ್ಲ ಎಂದು ನಕ್ಕದ್ದು. ಅವನು ಹೋದ ಮೇಲೆ ಬೇಕರಿಯಾಕೆ ಔಷಧಿ ಅಂಗಡಿಯವರಿಗೆ, "ನಗು ನೋಡಬೇಕಿತ್ತು. ಸಾವಿನ ಮನೇಲಿ ನಗ್ತಾರಲ್ಲ, ಧೈರ್ಯ ತುಂಬೋಕೆ, ಅಂಥದ್ದು" ಎಂದು ವರದಿ ಮಾಡಿದಳು. ಔಷಧಿ ಅಂಗಡಿಯವರು ಗಲ್ಲ ಸವರಿಕೊಂಡರು. ಹಿಂದಿನ ದಿನವಷ್ಟೇ ಮಾಲೀಕರು ಅವರಲ್ಲಿ ನೋವಿನ ಮಾತ್ರೆ ಕೊಂಡಿದ್ದರು. "ಎಡಗೈ ಜೇಬಿಂದ ಹೊರಗೆ ತೆಗೀಲೇ ಇಲ್ಲ. ಎಡಗೈ ಅಂದ್ರೆ ಗೊತ್ತಲ್ಲ?" ಎಂದು ಅವರು ತಮ್ಮ ಎದೆಯ ಮೇಲೆ ಎರಡು ಸಲ ತಟ್ಟಿ ತೋರಿಸಿದರು. ಅಂಗಡಿಯಲ್ಲಿದ್ದವರೆಲ್ಲ ತಂತಮ್ಮ ಎದೆ ಮುಟ್ಟಿಕೊಂಡರು.

ಬೀದಿ ಬದಲಾಯಿತು. ಮಾಲೀಕರು ನಡೆದು ಬಂದರೆ ಸೈಕಲ್ಲುಗಳು ಬೆಲ್ಲು ಹೊಡೆಯದೆ ಇಳಿದು ನಿಂತವು. ಸಂಘದ ಸಭೆಯಲ್ಲಿ ಅವರು ಹೇಳಿದ್ದಕ್ಕೆ ಯಾರೂ ಹಲ್ಲು ಕಡಿಯಲಿಲ್ಲ. ಬದಲಿಗೆ ಇಬ್ಬರು ಕಣ್ಣೊರೆಸಿಕೊಂಡರು. ಬೇಕರಿಯಾಕೆ ಅವರಿಗೆಂದು ಸಕ್ಕರೆ ಹಾಕದ ಕೇಕು ಮಾಡಿಸಿದಳು. ಆಮೇಲೆ ಯೋಚಿಸಿ, "ಇನ್ನು ಪಥ್ಯ ಮಾಡಿ ಏನು ಪ್ರಯೋಜನ? ಬಾಯಿ ತುಂಬಾ ತಿನ್ನಲಿ ಬಿಡು" ಎಂದು ಸಕ್ಕರೆಯದ್ದೇ ಕಳಿಸಿದಳು.

ವಾಚಣ್ಣನಿಗೆ ಈ ದಿನಗಳು ಸ್ವರ್ಗ. ಮಾತಾಡಿ ಮಾತಾಡಿ ಜನರನ್ನು ಓಡಿಸಿದ್ದವನು ಈಗ ಸುಮ್ಮನಿದ್ದು ಸೇರಿಸುತ್ತಿದ್ದ. ಒಂದು ಕೆಮ್ಮು ಕೆಮ್ಮಿದರೂ ನಾಲ್ಕು ಜನ ಹತ್ತಿರ ಸರಿಯುತ್ತಿದ್ದರು. ಫೈಲು ತಾನು ನೋಡಿಯೇ ಇಲ್ಲ ಎಂಬ ಸಣ್ಣ ಮುಳ್ಳೊಂದು ಮಾತ್ರ ಆಗಾಗ ಒಳಗೆ ಚುಚ್ಚುತ್ತಿತ್ತು. ಆದರೆ ನೋಡಿದ್ದೀಯಾ ಎಂದು ಅವನನ್ನು ಯಾರು ಕೇಳಿದ್ದರು?

ಕೈಮೀರಿದ್ದು ಎದುರು ಮನೆಯಿಂದ. ಅಲ್ಲಿದ್ದವರು ಮಾಲೀಕರ ಸ್ವಂತ ತಮ್ಮ. ಮಳೆನೀರಿನ ಕೊಳವೆ ಯಾರ ಕಡೆ ತಿರುಗಿರಬೇಕೆಂಬ ವಿಷಯಕ್ಕೆ ಅಣ್ಣತಮ್ಮಂದಿರ ನಡುವೆ ಮಾತು ನಿಂತು ಯಾವ ಕಾಲವಾಗಿತ್ತೋ. ಆ ಭಾನುವಾರ ತಮ್ಮ ಹಣ್ಣಿನ ಬುಟ್ಟಿ ಹೊತ್ತು ಬೀದಿ ದಾಟಿ ಬಂದು, ಮೆಟ್ಟಿಲ ಬುಡದಲ್ಲೇ ಅಣ್ಣನನ್ನು ತಬ್ಬಿಕೊಂಡು ಗೊಳೋ ಎಂದು ಅತ್ತರು.

"ಏಯ್, ಏನಾಯ್ತೋ ನಿಂಗೆ?" ಎಂದರು ಮಾಲೀಕರು ಗಾಬರಿಯಾಗಿ.

"ನಂಗೇನಾಗಿಲ್ಲಣ್ಣ! ನಂಗೇನೂ ಆಗಿಲ್ವಲ್ಲಣ್ಣ!"

"ಮತ್ತೆ ಯಾಕೆ ಅಳ್ತಿ?"

"ಕೊಳವೆ ನಮ್ಮ ಕಡೇಗೇ ತಿರುಗಿಸ್ಬಿಡಣ್ಣ. ನೀರೆಲ್ಲಾ ನಮ್ಮನೇಗೇ ಬರಲಿ."

ಮಾಲೀಕರು ಮೂಢರಲ್ಲ. ತಮ್ಮನೇ ಕೊಳವೆಯ ಹಟ ಬಿಡುತ್ತಾನೆಂದರೆ ಲೋಕದಲ್ಲಿ ಏನೋ ಭಯಂಕರ ನಡೆದಿರಬೇಕು. ಗದರಿಸಿ ಕೇಳಿದರು. ವಾಚಣ್ಣನ ಹೆಸರು ಹೊರಬಿತ್ತು.

ಸ್ವಲ್ಪ ಹೊತ್ತಿಗೆ ಅವರು ಕೆಳಮನೆಯ ಬಾಗಿಲಲ್ಲಿ ನಿಂತಿದ್ದರು. ಗುಡುಗು ದನಿ ಪಿಸುಮಾತಿಗೆ ಇಳಿದಿತ್ತು.

"ನೋಡಪ್ಪಾ, ನಾನು ಹೋಗಿದ್ದು ತೀರಾ ಸಣ್ಣ ವಿಷಯಕ್ಕೆ. ಡಾಕ್ಟರೂ ಏನಿಲ್ಲ ಹೋಗಿ ಅಂದ್ರು. ಆದ್ರೆ ಅಷ್ಟು ಸಣ್ಣದಕ್ಕೆ ರಕ್ತ ಯಾಕೆ ತಗೊಂಡ್ರು ಅಂತ ನಂಗೆ ಅವತ್ತಿಂದ ಕೊರೀತಾ ಇದೆ. ನಿಂಗೆ ಗೊತ್ತಂತೆ. ನಂಗೆ ಹೇಳು."

ಈಗಲಾದರೂ ನಿಜ ಹೇಳಿಬಿಡಬೇಕಿತ್ತು. ವಾಚಣ್ಣ ಬಾಯಿ ತೆರೆದೂ ತೆರೆದ. ಆದರೆ ಪರದೆಯ ಕೆಳಗೆ ಹೆಂಡತಿಯ ಎರಡು ಪಾದ, ಅತ್ತೆಯ ಎರಡು ಪಾದ ಕಾಣಿಸಿದವು.

"ಹೇಳೋ ಹಾಗಿಲ್ಲ ಸರ್."

"ನಂದೇ ವಿಷಯ, ನಂಗೇ ಹೇಳಲ್ವಾ?"

"ನಿಮಗಾದ್ರೂ ಅಷ್ಟೇ. ಆಸ್ಪತ್ರೆಗೆ ಬಂದು ಅರ್ಜಿ ಕೊಡಬೇಕು. ಗುರುತಿನ ಚೀಟಿ ತರಬೇಕು." ನಿಯಮ ಸರಿಯಾಗಿಯೇ ಇತ್ತು. ಹೇಳುವಾಗ ದನಿ ನಡುಗಿತು, ಅದು ಭಯಕ್ಕೆ. ಮಾಲೀಕರಿಗೆ ಅದು ಕನಿಕರದಂತೆ ಕೇಳಿಸಿತು.

ಅವರು ಬಿಳಿಚಿಕೊಂಡು ಗೋಡೆಗೆ ಕೈ ಕೊಟ್ಟು ನಿಂತರು. ಖಾಲಿ ಗೋಡೆಯನ್ನು ಮೇಲಿನಿಂದ ಕೆಳಕ್ಕೆ ನೋಡಿದರು. ಕುರ್ಚಿಯ ಮೇಲಿನ ಕ್ಯಾಲೆಂಡರು ನೋಡಿದರು, ಹಿಟ್ಟಿನ ಡಬ್ಬಿಗೆ ಒರಗಿದ ಮಾವನವರನ್ನು ನೋಡಿದರು.

"ಗೋಡೆ ಬೋಳಾಗಿದೆ. ಒಂದೆರಡು ಮೊಳೆ ಹೊಡ್ಕೊಳ್ಳಿ" ಎಂದು ಮೆಲ್ಲಗೆ ಹೇಳಿ ಮೆಟ್ಟಿಲು ಹತ್ತಿ ಹೋದರು.

ಪರದೆಯ ಹಿಂದೆ ಅತ್ತೆ ಧೊಪ್ಪನೆ ನೆಲಕ್ಕೆ ಕುಸಿದರು. "ಮೊಳೆ ಹೊಡ್ಕೊಳ್ಳಿ ಅಂದ್ರಲ್ಲೇ! ಮುಗೀತು ಕಣೇ, ಎಲ್ಲಾ ಮುಗೀತು!"

ಆದರೂ ಅತ್ತೆ ವ್ಯವಹಾರಸ್ಥೆ. ಅಳುತ್ತಲೇ ಎದ್ದು ಸುತ್ತಿಗೆ ಹುಡುಕಿದರು. ಕತ್ತಲಾಗುವ ಮೊದಲು ಕ್ಯಾಲೆಂಡರು, ಗಡಿಯಾರ, ಮಾವನವರು ಮೂವರೂ ಗೋಡೆಗೇರಿದ್ದರು.

ಮರುದಿನ ವಾಚಣ್ಣನಿಗೆ ಪರೀಕ್ಷೆ. ಮೊದಲ ಬಾರಿ ಅವನನ್ನು ಮಾಹಿತಿ ಕೊಡುವ ಕೌಂಟರಿನಲ್ಲಿ ಕೂರಿಸಿ, ಮೇಡಂ ಹಿಂದೆ ಕುರ್ಚಿ ಹಾಕಿಕೊಂಡು ಕೂತಿದ್ದರು. ಇದರಲ್ಲಿ ಗೆದ್ದರೆ ತರಬೇತಿಯ ಮುಂದಿನ ಹಂತ. ಸೋತರೆ ಮತ್ತೆ ಹೊಲಿಗೆ ಯಂತ್ರದ ಪಕ್ಕ. ಬೆಳಗಿನ ಹೊತ್ತು ಚೆನ್ನಾಗಿಯೇ ಕಳೆಯಿತು. ಆಮೇಲೆ ಪಡಸಾಲೆಯ ತುದಿಯಲ್ಲಿ ಒಂದು ಮೆರವಣಿಗೆ ಕಾಣಿಸಿಕೊಂಡಿತು.

ಮುಂದೆ ಇಸ್ತ್ರಿ ಮಾಡಿದ ಅಂಗಿಯಲ್ಲಿ ಮಾಲೀಕರು, ಎಡಗೈ ಜೇಬಿನಲ್ಲಿ. ಅವರ ಬಲ ಮೊಣಕೈ ಹಿಡಿದ ತಮ್ಮ. ಹಿಂದೆ ಕೇಕಿನ ಪೆಟ್ಟಿಗೆ ಹಿಡಿದ ಬೇಕರಿಯಾಕೆ, ಔಷಧಿ ಅಂಗಡಿಯವರು, ವಾಚಣ್ಣನ ಹೆಂಡತಿ, ಅತ್ತೆ, ಇನ್ನೂ ಅರ್ಧ ಬೀದಿ.

"ಇವರ ಫೈಲು ಬೇಕಿತ್ತು" ಎಂದರು ತಮ್ಮ.

"ಎಲ್ಲರೂ ಸಂಬಂಧಿಕರಾ?" ಎಂದರು ಮೇಡಂ ಹಿಂದಿನಿಂದ.

"ಸಂಬಂಧಿಕರಿಗಿಂತ ಹೆಚ್ಚು" ಎಂದಳು ಬೇಕರಿಯಾಕೆ. "ನಮ್ಮ ಹತ್ರ ಏನೂ ಮುಚ್ಚಿಡಬೇಕಿಲ್ಲ ಮೇಡಂ. ನಮಗೆಲ್ಲಾ ಗೊತ್ತು. ವಾಚಣ್ಣ ಹೇಳಿದ್ದಾರೆ."

ಮೇಡಂ ಕನ್ನಡಕ ತೆಗೆದರು. ಸರಪಳಿ ಸಣ್ಣಗೆ ಸದ್ದು ಮಾಡಿತು. "ಏನು ಹೇಳಿದ್ದಾರೆ?"

"ಹೇಳೋ ಹಾಗಿಲ್ಲ ಅಂತ."

"ಹಾಗಾದ್ರೆ ನಿಮಗೇನು ಗೊತ್ತು?"

"ಎಲ್ಲಾ!"

ಮೇಡಂ ವಾಚಣ್ಣನ ಕಡೆ ತಿರುಗಿದರು. ದನಿ ಎಂದಿಗಿಂತ ಮೆಲ್ಲಗಿತ್ತು; ಇಡೀ ಬೀದಿ ಕೌಂಟರಿನ ಮೇಲೆ ಬಾಗಿತು. "ಇವರ ಫೈಲು ನೀವು ತೆರೆದು ನೋಡಿದ್ದೀರಾ?"

ನೋಡಿದ್ದೇನೆ ಎಂದರೆ ಇಂದೇ ಮನೆಗೆ. ನೋಡಿಲ್ಲ ಎಂದರೆ ಬೀದಿಯೆದುರು, ಹೆಂಡತಿಯೆದುರು, ಎಲ್ಲಕ್ಕಿಂತ ಹೆಚ್ಚಾಗಿ ಅತ್ತೆಯೆದುರು ಮಾನ ಹರಾಜು. ವಾಚಣ್ಣ ಒಮ್ಮೆ ಮೇಡಂ ಮುಖ ನೋಡಿದ, ಒಮ್ಮೆ ಮಾಲೀಕರ ಮುಖ ನೋಡಿದ. ಮಾಲೀಕರ ಕೆಳತುಟಿ ಮಗುವಿನದರಂತೆ ಅದುರುತ್ತಿತ್ತು. ಅದನ್ನು ಕಂಡು ಅವನಿಗೆ ತಡೆಯಲಾಗಲಿಲ್ಲ.

"ಇಲ್ಲ ಮೇಡಂ. ನಂಗೇನೂ ಗೊತ್ತಿಲ್ಲ. ನಾನು ಚೀಟಿ ಅಂಟಿಸ್ತೀನಿ, ಗಾಡಿ ತಳ್ತೀನಿ, ಅಷ್ಟೇ. ಸುಮ್ನೆ ದೊಡ್ಡಸ್ತಿಕೆಗೆ ಹಾಗಂದೆ."

ಬೇಕರಿಯಾಕೆ ಸೆರಗಿನಿಂದ ಮೂಗು ಒರೆಸಿಕೊಂಡಳು. "ನೋಡಿದ್ರಾ! ನಮ್ಮ ಸಂಕಟ ನೋಡಲಾರದೆ ಪಾಪ ಸುಳ್ಳು ಹೇಳ್ತಿದ್ದಾರೆ."

"ನಮ್ಮ ಅಳಿಯಂದಿರು ಇಷ್ಟು ದೊಡ್ಡ ಮನಸ್ಸಿನವರು ಅಂತ ನಂಗೆ ಗೊತ್ತೇ ಇರಲಿಲ್ಲ" ಎಂದು ಅತ್ತೆ ಬಿಕ್ಕಿದರು.

ಜನ್ಮದಲ್ಲಿ ಅವನು ಎದೆ ಗಟ್ಟಿ ಮಾಡಿಕೊಂಡು ಹೇಳಿದ ಒಂದೇ ಒಂದು ನಿಜವನ್ನು ನಂಬಿದವರು ಮೇಡಂ ಒಬ್ಬರೇ. ಅವರು ಅವನ ಕಿವಿಯ ಹತ್ತಿರ ಬಗ್ಗಿದರು.

"ಹೇಳೋ ಹಾಗಿಲ್ಲ ಅನ್ನೋದೂ ಹೇಳಿದ ಹಾಗೇನೇ. ಅವರು ಇಲ್ಲಿಗೆ ಬಂದಿದ್ರು ಅಂತ ನಿಮ್ಮ ಬಾಯಿಂದ ಬಂದಿದ್ದೇ ತಪ್ಪು. ಇವತ್ತೇ ಕಳಿಸಿಬಿಡ್ತಿದ್ದೆ, ನಿಜ ಒಪ್ಪಿಕೊಂಡ್ರಿ ಅಂತ ಸುಮ್ಮನಿದ್ದೀನಿ. ಈಗ ಈ ಅರ್ಜೀನ ಮೊದಲಿಂದ ಕೊನೆತನಕ ನೀವೇ ಮಾಡಿ ಮುಗಿಸಿ. ಒಂದಕ್ಷರ ಹೊರಗೆ ಹೋದ್ರೆ ನಾಳೆ ಬರಬೇಡಿ."

ವಾಚಣ್ಣ ಎದ್ದ. ಮೊದಲು ಇಡೀ ಬೀದಿಯನ್ನು ಗಾಜಿನ ಬಾಗಿಲಾಚೆ ಕಳಿಸಿದ, ತಮ್ಮನನ್ನೂ, ಕೇಕನ್ನೂ. ಮಾಲೀಕರ ಗುರುತಿನ ಚೀಟಿ ನೋಡಿದ, ದಿನವೂ ನೋಡುವ ಮುಖವನ್ನೇ ಫೋಟೊದ ಜೊತೆ ಹೋಲಿಸಿ ನೋಡಿದ. ಸಹಿ ಹಾಕಿಸಿದ. ಹಸಿರಿನ ಸಾಲಿಗೆ ಹೋಗಿ, ಹಸಿರೇ ಎಂದು ಇನ್ನೊಮ್ಮೆ ಖಾತ್ರಿ ಮಾಡಿಕೊಂಡು, ಫೈಲು ತಂದು ಒಳಕೋಣೆಯ ಮೇಜಿನ ಮೇಲಿಟ್ಟ. ಮಾಲೀಕರು ತೆರೆದರು. ಡಾಕ್ಟರ ಬರಹ ಇರುವೆ ಮಸಿಯಲ್ಲಿ ಕಾಲು ಅದ್ದಿ ಓಡಿದ ಹಾಗಿತ್ತು.

"ನೀನೇ ಓದು. ಏನಿದ್ರೂ ಓದು. ತಡ್ಕೋತೀನಿ" ಎಂದು ಅವರು ಕಣ್ಣು ಮುಚ್ಚಿಕೊಂಡರು.

ವಾಚಣ್ಣ ಮೇಡಂ ಕಡೆ ನೋಡಿದ. ಮೇಡಂ ತಲೆಯಾಡಿಸಿದರು. ಅವನು ಪಿಸುದನಿಯಲ್ಲಿ ಓದತೊಡಗಿದ.

"ಎಡಗೈ ಹೆಬ್ಬೆರಳು. ಉಗುರಿನ ಕೆಳಗೆ ರಕ್ತ ಹೆಪ್ಪುಗಟ್ಟಿದೆ. ಮೂಳೆ ಮುರಿದಿಲ್ಲ. ಉಗುರು ತೆಗೆದು ಪಟ್ಟಿ ಹಾಕಲಾಗಿದೆ. ತೆಗೆಯುವ ಮುಂಚೆ ಎಂದಿನಂತೆ ರಕ್ತ ಪರೀಕ್ಷೆ. ಎಲ್ಲವೂ ಸರಿಯಾಗಿದೆ."

ಮಾಲೀಕರು ಒಂದು ಕಣ್ಣು ತೆರೆದರು. "ಎಂದಿನಂತೆ ಅಂದ್ರೆ?"

"ಎಲ್ಲರಿಗೂ ತೆಗೀತಾರೆ ಅಂತ ಸರ್."

"ಹಾಗಾದ್ರೆ ನಾನು ಸಾಯಲ್ಲ?"

"ಈ ಬೆರಳಿಂದ ಸಾಯಲ್ಲ ಸರ್."

ಮಾಲೀಕರ ಮುಖಕ್ಕೆ ರಕ್ತ ಮರಳಿತು. "ಸಾಕು, ಮುಚ್ಚು" ಎಂದರು ಹಳೆಯ ಗುಡುಗಿನ ದನಿಯಲ್ಲಿ. ಆದರೆ ವಾಚಣ್ಣನ ಬೆರಳು ಆಗಲೇ ಮುಂದಿನ ಸಾಲಿಗೆ ಇಳಿದಿತ್ತು.

"ಗಾಯ ಹೇಗಾಯಿತು: ಸುತ್ತಿಗೆಯ ಪೆಟ್ಟು. ಎಲ್ಲಾಯಿತು: ಸ್ವಂತ ಮನೆಯ ಮೆಟ್ಟಿಲ ಬಳಿ. ಆಗ ಏನು ಮಾಡುತ್ತಿದ್ದರು: ಗೋಡೆಗೆ..." ಅವನು ಆ ಸಾಲನ್ನು ಇನ್ನೊಮ್ಮೆ ನೋಡಿಕೊಂಡ. "ಗೋಡೆಗೆ 'ಇಲ್ಲಿ ಮೊಳೆ ಹೊಡೆಯಬಾರದು' ಎಂಬ ಫಲಕ ತೂಗುಹಾಕಲು ಮೊಳೆ ಹೊಡೆಯುತ್ತಿದ್ದರು."

ಮೇಡಂ ಎದ್ದು ಹೋಗಿ ಕಪಾಟಿನ ಕಡೆ ಮುಖ ಮಾಡಿ ನಿಂತರು. ಅವರ ಭುಜಗಳು ಕುಲುಕುತ್ತಿದ್ದವು.

"ಇದನ್ನ ಯಾರು ಬರೆದಿದ್ದು?"

"ರೋಗಿಯ ಹೇಳಿಕೆಯಂತೆ ಅಂತಿದೆ ಸರ್."

"ನರ್ಸು ಕೇಳಿದ್ಲು, ನಾನೂ ನೋವಲ್ಲಿ ಒದರಿಬಿಟ್ಟೆ. ಅಳಿಸು ಅದನ್ನ."

"ಅಳಿಸೋಕಾಗಲ್ಲ ಸರ್. ದಾಖಲೆ."

ಮಾಲೀಕರು ಬಾಗಿಲ ಗಾಜಿಗೆ ಮೂಗು ಒತ್ತಿ ನಿಂತಿದ್ದ ಬೀದಿಯನ್ನು ನೋಡಿದರು. ಆಮೇಲೆ ವಾಚಣ್ಣನನ್ನು ನೋಡಿದರು, ಬೀದಿಗೆಲ್ಲ ಬಾಯಿಯಾದ ವಾಚಣ್ಣನನ್ನು. ಕೈ ಮುಗಿಯಲು ಹೋದರು. ಎಡಗೈ ಜೇಬಿನಲ್ಲಿದ್ದ ಕಾರಣ ಒಂದೇ ಕೈ ಎದೆಯವರೆಗೆ ಬಂದು ನಿಂತಿತು. ಗಾಜಿನಾಚೆಯಿಂದ ಅದನ್ನು ಕಂಡ ಔಷಧಿ ಅಂಗಡಿಯವರು, "ಎದೆ ಹಿಡ್ಕೊಂಡ್ರು!" ಎಂದು ಕೂಗಿದರು.

ಹೊರಗೆ ಬಂದ ಮಾಲೀಕರು ಸಂತೋಷ ತಡೆಯಲಾರದೆ ಘೋಷಿಸಿದರು: "ನಂಗೇನೂ ಆಗಿಲ್ಲ! ಗಟ್ಟಿಮುಟ್ಟಾಗಿದ್ದೀನಿ!"

"ಮತ್ತೆ ಆಸ್ಪತ್ರೆಗೆ ಯಾಕಣ್ಣ ಹೋಗಿದ್ದೆ?" ಎಂದರು ತಮ್ಮ.

ಮಾಲೀಕರು, ಸಂಘದ ಅಧ್ಯಕ್ಷರು, ಮೊಳೆಯ ಕಾನೂನು ಮಾಡಿದವರು, ಎಡಕ್ಕೆ ನೋಡಿದರು, ಬಲಕ್ಕೆ ನೋಡಿದರು.

"ಅದು... ಹೇಳೋ ಹಾಗಿಲ್ಲ" ಎಂದರು.

ಬೀದಿ ಒಟ್ಟಾಗಿ ಕಣ್ಣೀರಿಟ್ಟಿತು.

ಮೇಡಂ ವಾಚಣ್ಣನನ್ನು ಉಳಿಸಿಕೊಂಡರು, ಮುಂದಿನ ಹಂತಕ್ಕೂ ಕಳಿಸಿದರು. ಆದರೆ ಅವನ ಸಂಕಟ ಶುರುವಾದದ್ದೇ ಅಂದಿನಿಂದ. ಇದುವರೆಗೆ ಮುಚ್ಚಿಡಲು ಅವನಲ್ಲಿ ಏನೂ ಇರಲಿಲ್ಲ, ಸುಖವಾಗಿದ್ದ. ಈಗ ಆ ಬೀದಿ ಹುಟ್ಟಿದಾಗಿನಿಂದ ನಡೆದ ಅತ್ಯಂತ ಸೊಗಸಾದ ಸಂಗತಿ ಅವನ ಹೊಟ್ಟೆಯಲ್ಲಿ ಕೂತಿತ್ತು, ಹೊರಗೆ ಬಿಡುವಂತಿಲ್ಲ. ಊಟಕ್ಕೆ ಕೂತರೆ ನಗು ಬಂದು ಅನ್ನ ನೆತ್ತಿಗೇರುತ್ತಿತ್ತು. ಗೋಡೆಯ ಮೇಲಿನ ಮೊಳೆ ಕಂಡರೆ ಕಣ್ಣಲ್ಲಿ ನೀರು. "ನಾವು ಮಾಲೀಕರನ್ನ ನೆನೆಸ್ಕೊಂಡು ಅಷ್ಟೊಂದು ಕೊರಗಬಾರದು ರೀ" ಎಂದು ಹೆಂಡತಿ ಬೆನ್ನು ಸವರುತ್ತಿದ್ದಳು. ಅವಳು ಈಗ ಮಾಲೀಕರ ಬಗ್ಗೆ ಕೇಳಿದರೆ ಅವನು, "ಇವತ್ತು ಬಿಸಿಲು ಜಾಸ್ತಿ" ಎನ್ನುತ್ತಿದ್ದ. ಮೇಡಂ ಕಲಿಸಿದ ಉತ್ತರ ಅದು. ಅವಳಿಗೆ ಅದು ಹಿಂದಿನದಕ್ಕಿಂತ ಭಯಂಕರವಾಗಿ ಕೇಳಿಸಿತು.

ಇತ್ತ ಮಾಲೀಕರದ್ದೂ ಅದೇ ಪಾಡು. ಬೆರಳು ಜುಮ್ಮೆನ್ನುತ್ತದೆ, ತುರಿಸುತ್ತದೆ, ಪಟ್ಟಿ ಬದಲಾಯಿಸಬೇಕು. ಯಾರ ಹತ್ತಿರ ಹೇಳಿಕೊಳ್ಳುವುದು? ಲೋಕದಲ್ಲಿ ವಿಷಯ ಗೊತ್ತಿದ್ದ ಮನುಷ್ಯ ಒಬ್ಬನೇ. ಅವರು ಸಂಜೆಗಳಲ್ಲಿ ಕೆಳಮನೆಗೆ ಬರತೊಡಗಿದರು. ಗೋಡೆಯ ಮೇಲಿನ ಮೂರು ಮೊಳೆಗಳನ್ನು ಕಂಡು ಮೊದಲ ಸಲ ಅವರ ಗಂಟಲಲ್ಲಿ ಏನೋ ಗುಡುಗಿತು. ವಾಚಣ್ಣ ಅವರ ಎಡ ಜೇಬಿನ ಕಡೆ ನೋಡಿದ. "ಚೆನ್ನಾಗಿದೆ. ಮನೆಗೊಂದು ಕಳೆ ಬಂತು" ಎಂದರು ಮಾಲೀಕರು. ಬರಬರುತ್ತಾ ಅವರಿಗೆ ಆ ಚಹಾ, ಆ ಕುರ್ಚಿ, ಬೆರಳಿನ ಬಗ್ಗೆ ಗಂಭೀರವಾಗಿ ವಿಚಾರಿಸುವ ಆ ಮನುಷ್ಯ, ಎಲ್ಲವೂ ಒಗ್ಗಿಹೋಯಿತು. ಯಾರ ಮನೆಯಲ್ಲೂ ಕೂತು ಮಾತಾಡಿ ಅವರಿಗೆ ಅಭ್ಯಾಸವಿರಲಿಲ್ಲ.

ಇಬ್ಬರೂ ಕೋಣೆ ಸೇರಿ ಬಾಗಿಲು ಹಾಕಿಕೊಳ್ಳುತ್ತಿದ್ದರು. ಬಾಗಿಲಿಗೆ ಅತ್ತೆಯ ಕಿವಿ ಅಂಟಿಕೊಳ್ಳುತ್ತಿತ್ತು. ಹಲವು ಸಂಜೆ ಏನೂ ಕೇಳಿಸಲಿಲ್ಲ. ಒಂದು ದಿನ ಮಾತ್ರ ಮಾಲೀಕರು ಪಟ್ಟಿ ಬಿಚ್ಚಿ, ಬೆರಳನ್ನು ಕಿಟಕಿಯ ಬೆಳಕಿಗೆ ಹಿಡಿದು, ಸಂಭ್ರಮದಲ್ಲಿ ದನಿ ತಗ್ಗಿಸುವುದನ್ನೇ ಮರೆತರು.

"ನೋಡು, ನೋಡು! ಬೆಳೀತಾ ಇದೆ!"

"ಹೌದು ಸರ್. ಹೋದ ವಾರಕ್ಕಿಂತ ದೊಡ್ಡದಾಗಿದೆ."

"ಇನ್ನೆಷ್ಟು ದಿನ ಅಂತೀಯ?"

"ಎರಡು ತಿಂಗಳು ಸರ್, ಅಷ್ಟೇ. ಆಮೇಲೆ ಎಲ್ಲಾ ಮುಚ್ಚಿಹೋಗುತ್ತೆ. ಯಾರಿಗೂ ನೆನಪೂ ಇರಲ್ಲ."

ಬಾಗಿಲಾಚೆ ಏನೋ ಪಾತ್ರೆ ಬಿದ್ದು ಉರುಳಿತು. ಚಪ್ಪಲಿಯ ಸದ್ದು ಪಟಪಟನೆ ಬೀದಿಗೆ ಓಡಿತು.

ಮಾಲೀಕರು ಪಟ್ಟಿ ಸುತ್ತಿಕೊಂಡು, ಕೈ ಜೇಬಿಗಿಳಿಸಿ, ಬಹಳ ದಿನಗಳ ಮೇಲೆ ಶಿಳ್ಳೆ ಹಾಕುತ್ತಾ ಹೊರಗೆ ಬಂದರು. ಮೆಟ್ಟಿಲ ಬುಡದಲ್ಲಿ ಇಡೀ ಬೀದಿ ತಲೆ ತಗ್ಗಿಸಿ ನಿಂತಿತ್ತು. ತಮ್ಮ ಮುಂದೆ ಬಂದು, ಎಡಗಡೆ ತಾಗದಂತೆ ಜೋಪಾನವಾಗಿ ಅಣ್ಣನನ್ನು ತಬ್ಬಿಕೊಂಡರು. ಬೇಕರಿಯಾಕೆ ವಾಚಣ್ಣನ ಬಳಿ ಸರಿದು ಕೇಳಿದಳು:

"ನಿಜಾನಾ? ಎರಡೇ ತಿಂಗಳಾ?"

ವಾಚಣ್ಣನ ಗಂಟಲಿನವರೆಗೆ ಎಲ್ಲವೂ ಒಮ್ಮೆಗೇ ಉಕ್ಕಿ ಬಂತು: ಸುತ್ತಿಗೆ, ಫಲಕ, ಮೊಳೆ, ಉಗುರು. ತಮ್ಮನ ಭುಜದ ಮೇಲಿಂದ ಮಾಲೀಕರ ಕಣ್ಣು ಅವನನ್ನೇ ಬೇಡುತ್ತಿತ್ತು. ಅವನು ಎಲ್ಲವನ್ನೂ ನುಂಗಿ, ಆಕಾಶ ನೋಡಿದ.

"ಇವತ್ತು ಬಿಸಿಲು ಜಾಸ್ತಿ" ಎಂದ.

ಸೂರ್ಯ ಮುಳುಗಿ ಆಗಲೇ ಸಾಕಷ್ಟು ಹೊತ್ತಾಗಿತ್ತು. ಬೇಕರಿಯಾಕೆ ಅವನ ಕೈಯನ್ನು ಮೆಲ್ಲಗೆ ಒತ್ತಿ, ಕಣ್ಣೊರೆಸಿಕೊಂಡು, ನಾಳೆಯಿಂದ ಕೇಕಿಗೆ ಬೆಣ್ಣೆಯನ್ನೂ ಜಾಸ್ತಿ ಹಾಕಬೇಕೆಂದು ತೀರ್ಮಾನಿಸಿ ಅಂಗಡಿಯ ಕಡೆ ನಡೆದಳು.